ಯುವ ಸಂಭ್ರಮದಲ್ಲಿ ಆಫ್ರಿಕನ್ ನೃತ್ಯ: ಸಿದ್ಧತೆಗೆ ಮುನ್ನ ಯಾರನ್ನು, ಏನನ್ನು ಕೇಳಬೇಕು

ದಸರಾ ಸಮಯದಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುವ ಯುವ ಸಂಭ್ರಮಕ್ಕೆ ‘ಆಫ್ರಿಕನ್ ನೃತ್ಯ’ ಸಿದ್ಧಪಡಿಸಲು ಹೊರಟ ಕಾಲೇಜು ತಂಡವು ಅದು ಯಾವ ದೇಶದ, ಯಾವ ಸಮುದಾಯದ ಕಲೆ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಪರರ ಉಡುಗೆ, ಕೇಶವಿನ್ಯಾಸ, ಕುಣಿತಗಳನ್ನು ಅನುಸರಿಸುವುದು ಮೆಚ್ಚುಗೆಯೋ ಅಥವಾ ಅವರ ಸಂಸ್ಕೃತಿಯನ್ನು ಗೌರವವಿಲ್ಲದೆ ಕಸಿದುಕೊಳ್ಳುವ ಅಪಹರಣವೋ ಎಂಬ ವಿಷಯದಲ್ಲಿ ಕಪ್ಪು ಸಮುದಾಯಗಳಲ್ಲಿಯೇ ಒಮ್ಮತವಿಲ್ಲ.

2020ರಲ್ಲಿ ಬ್ರಿಟಿಷ್ ಗಾಯಕಿ ಅಡೆಲ್ ಆಫ್ರಿಕನ್ ಶೈಲಿಯಲ್ಲಿ ಕೂದಲು ಗಂಟು ಕಟ್ಟಿ, ಜಮೈಕಾ ಧ್ವಜದ ಉಡುಪು ತೊಟ್ಟ ಚಿತ್ರವನ್ನು ಪ್ರಕಟಿಸಿದಾಗ ಅಮೆರಿಕದಲ್ಲಿ ಹಲವರು ಖಂಡಿಸಿದರೆ, ಅನೇಕ ಜಮೈಕನ್ನರು ಸಂತೋಷಪಟ್ಟರು. ನೈಜೀರಿಯಾದ ಯೊರುಬಾ ಮದುವೆಗಳಲ್ಲಿ ಬಂಧುಮಿತ್ರರು ಒಂದೇ ಬಗೆಯ ಬಟ್ಟೆ ಉಡುವ ‘ಅಸೊ ಎಬಿ’ ಪದ್ಧತಿಯಿದ್ದು, ಹೊರಗಿನ ಅತಿಥಿ ಅದನ್ನು ಉಟ್ಟರೆ ಅದು ಆತ್ಮೀಯತೆಯ ಗುರುತಾಗುತ್ತದೆ. ಅಮೆರಿಕದಲ್ಲಾದರೋ ಸಹಜ ಕೂದಲು, ಜಡೆಗಳ ಕಾರಣಕ್ಕೆ ಶಾಲೆ, ಕಚೇರಿಗಳಲ್ಲಿ ಅವಮಾನಿತರಾದ ಕಪ್ಪು ಜನರ ರಕ್ಷಣೆಗೆ ಕಾನೂನೇ ಬೇಕಾಯಿತು. ಕ್ಯಾಲಿಫೋರ್ನಿಯಾ ಅಂತಹ ಕಾಯ್ದೆಯನ್ನು 2019ರಲ್ಲಿ ತಂದಿತು. ವಿದೇಶಿಯೊಬ್ಬ ಮೈಸೂರು ಪೇಟ ಧರಿಸಿದರೆ ನಾವು ಹಿಗ್ಗುತ್ತೇವೆ. ಆದರೆ ಪರದೇಶದ ಶಾಲೆಯಲ್ಲಿ ಹಣೆಯ ಬೊಟ್ಟಿಗಾಗಿ ಹಾಸ್ಯಕ್ಕೊಳಗಾದ ನಮ್ಮ ಹುಡುಗಿಗೆ, ಅದೇ ಬೊಟ್ಟು ಅಲ್ಲಿನವರ ಹಣೆಯ ಮೇಲೆ ಫ್ಯಾಷನ್ ಆದಾಗ ಹಿಗ್ಗು ಬರಲಾರದು. ಹಾಗೆಂದು ಕಪ್ಪು ಜನರು ಬಹುಸಂಖ್ಯಾತರಾಗಿರುವಲ್ಲಿ ನೋವಿಲ್ಲವೆಂದು ಭಾವಿಸಬಾರದು: 2016ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಶಾಲಾ ಬಾಲಕಿಯರು ತಮ್ಮ ಕೂದಲಿನ ಮೇಲಿನ ನಿರ್ಬಂಧದ ವಿರುದ್ಧ ಪ್ರತಿಭಟಿಸಬೇಕಾಯಿತು.

ಆದ್ದರಿಂದ ಮೈಸೂರಿನಲ್ಲಿ ಓದುತ್ತಿರುವ ಆಫ್ರಿಕನ್ ವಿದ್ಯಾರ್ಥಿಗಳ ಸಲಹೆ ಕೇಳುವಾಗ ಆಯ್ದ ಕಲೆಯ ದೇಶದವರನ್ನೇ ಹುಡುಕಿ, ಸಾಧ್ಯವಾದರೆ ಒಬ್ಬರಿಗಿಂತ ಹೆಚ್ಚು ಮಂದಿಯನ್ನು, ತಂಡದೆದುರಿಗಲ್ಲದೆ ಬಿಡುವಾಗಿ ಮಾತನಾಡಿಸಿ. ಹತ್ತು ಜನರ ನಡುವೆ ಕೇಳಿದರೆ ದಾಕ್ಷಿಣ್ಯಕ್ಕೆ ಹೂಂ ಎನ್ನುವವರೇ ಹೆಚ್ಚು. ‘ಮಾಡಬಹುದೇ’ ಎಂದಷ್ಟೇ ಕೇಳದೆ, ಈ ಕುಣಿತ ಯಾವ ಸಂದರ್ಭದ್ದು, ಈ ಬಟ್ಟೆಯನ್ನು ಯಾರು ಉಡುತ್ತಾರೆ ಎಂದು ವಿಚಾರಿಸಿ. ಘಾನಾದ ಕೆಂಟೆ ಬಟ್ಟೆ ಇಂದು ಮಾರುಕಟ್ಟೆಯಲ್ಲಿ ಸಿಕ್ಕರೂ ಅಲ್ಲಿನ ಅಸಾಂಟೆ ಜನರ ಅರಸೊತ್ತಿಗೆಯೊಡನೆ ಬೆಳೆದದ್ದು. ಅದರ ಒಂದೊಂದು ವಿನ್ಯಾಸಕ್ಕೂ ಹೆಸರಿದೆ, ಅರ್ಥವಿದೆ.

ಕಲಿಸುವ ಪರಂಪರೆಯಿರುವ ಕಲೆಯನ್ನು ಆರಿಸಿಕೊಳ್ಳುವುದು ಹೊಸಬರಿಗೆ ಕ್ಷೇಮ. ಬ್ರೆಜಿಲಿನಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರು ಬೆಳೆಸಿದ, ಕಾದಾಟ ಮತ್ತು ಕುಣಿತ ಬೆರೆತ ಕಪೊಯೆರಾ ಕಲೆಯನ್ನು 1890ರ ದಂಡಸಂಹಿತೆ ಅಪರಾಧವೆಂದು ಸಾರಿತ್ತು. ಇಂದು ಅದರ ಗುರುಗಳು ಲೋಕದೆಲ್ಲೆಡೆ ಶಿಷ್ಯರನ್ನು ತಯಾರು ಮಾಡುತ್ತಿದ್ದಾರೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರ, ರಬ್ಬರ್ ಬೂಟು ತೊಟ್ಟು ಆಡುವ ಗಮ್‌ಬೂಟ್ ಕುಣಿತವೂ ತಂಡಕ್ಕೆ ಒಗ್ಗುತ್ತದೆ, ಆದರೆ ಗಣಿಯ ಬವಣೆಯನ್ನು ಮರೆತು ಅದನ್ನು ಬರೀ ತಮಾಷೆಯಾಗಿಸಬಾರದು.

ಮುಖಕ್ಕೆ ಕಪ್ಪು ಬಳಿಯುವುದು ಮಾತ್ರ ಬೇಡವೇ ಬೇಡ. ಅಮೆರಿಕದ ರಂಗಭೂಮಿಯಲ್ಲಿ ಕಪ್ಪು ಜನರನ್ನು ಗೇಲಿ ಮಾಡಲೆಂದೇ 19ನೆಯ ಶತಮಾನದಲ್ಲಿ ಬೆಳೆದ ಆ ಪದ್ಧತಿಗೆ ಯಾವ ಮೆಚ್ಚುಗೆಯ ಸಮರ್ಥನೆಯೂ ಸಲ್ಲದು. ನಮ್ಮ ಹಳೆಯ ಸಿನಿಮಾ ಹಾಡುಗಳು ಕಲಿಸಿದ ಸೊಪ್ಪಿನ ಲಂಗವನ್ನೂ ಕೈಬಿಡಿ. ಆಫ್ರಿಕಾ ಮೂಲದ ಕಲೆಗೆ ಹೊರದೇಶಕ್ಕೇ ಹೋಗಬೇಕಾಗಿಲ್ಲ ಎಂಬುದೂ ನೆನಪಿರಲಿ. ಉತ್ತರ ಕನ್ನಡದಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿಗಳ ಡಮಾಮಿ ಕುಣಿತವಿದೆ, ಅದನ್ನು ಆರಿಸಿದರೆ ಸಿದ್ದಿ ಕಲಾವಿದರನ್ನೇ ಕರೆಸಿ, ಸಂಭಾವನೆ ಕೊಟ್ಟು ಕಲಿಯಿರಿ. ನಿರೂಪಕರ ಚೀಟಿಯಲ್ಲಿ ಕಲೆಯ ಹೆಸರು, ದೇಶ, ಸಮುದಾಯ, ಕಲಿಸಿದವರು ಒಪ್ಪಿದರೆ ಅವರ ಹೆಸರು, ಇವಿಷ್ಟನ್ನೂ ಉಚ್ಚಾರಣೆ ವಿಚಾರಿಸಿಕೊಂಡು ಕನ್ನಡದಲ್ಲಿ ಬರೆದುಕೊಡಿ.