ಕೊಲೊರಾಡೊದಲ್ಲಿ ಡ್ರೈವ್‌ವೇ ಹೊಸದಾಗಿ ಹಾಕಿಸುವವರಿಗೆ

ಡೆನ್ವರ್ ಕಡೆ ಮನೆ ಮುಂದಿನ ಡ್ರೈವ್‌ವೇಯ (ಕಾರು ಒಳಗೆ ಬರುವ ದಾರಿ) ಹಳೆಯ ಕಾಂಕ್ರೀಟ್ ಕಿತ್ತು ಹೊಸದು ಹಾಕಿಸುವವರು ದಯವಿಟ್ಟು ಓದಿ. ಇಲ್ಲಿ ಹಗಲು ಹಿಮ ಕರಗಿ ನೀರು ಕಾಂಕ್ರೀಟಿನೊಳಗೆ ಇಳಿಯುತ್ತದೆ, ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ. ಮೇಲ್ಪದರ ಹಪ್ಪಳದ ಹಾಗೆ ಏಳುವುದು ಇದರಿಂದಲೇ. ಹಾಗಾಗಿ ‘ಏರ್ ಎಂಟ್ರೇನ್ಡ್’ ಕಾಂಕ್ರೀಟೇ ಬೇಕು ಎಂದು ಕೇಳಿ, ಅಂದರೆ ಹೆಪ್ಪುಗಟ್ಟುವ ನೀರಿಗೆ ಹಿಗ್ಗಲು ಜಾಗ ಕೊಡುವ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಕಾಂಕ್ರೀಟ್. ಗಾಳಿ ಸುಮಾರು 6%, ಬಲ 4,500 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ ತಡೆಯುವ ಅಳತೆ). ಕರಾರಿನಲ್ಲೇ ಬರೆಸಿಕೊಳ್ಳಿ, ಬಾಯಿಮಾತು ಸಾಲದು.

ಲಾರಿ ಬಂದಾಗ ಹತ್ತಿರವೇ ಇರಿ. ಹರಡಲು ಸುಲಭವಾಗಲಿ ಎಂದು ಜಾಸ್ತಿ ನೀರು ಸೇರಿಸಲು ಬಿಡಬೇಡಿ. ನಾವು ಸುಮ್ನೆ ನಿಂತು ನೋಡಿದೆವು, ಎರಡೇ ಚಳಿಗಾಲಕ್ಕೆ ಮೇಲ್ಮೈ ಉದುರಿತು.

ಇಲ್ಲಿನ ಗಾಳಿ ತುಂಬಾ ಒಣ ಅಲ್ವಾ, 7 ದಿನ ತೇವ ಆರದಂತೆ ಮುಚ್ಚಿಡಿ. ಮೊದಲ ಚಳಿಗಾಲ ಹಿಮ ಕರಗಿಸಲು ಉಪ್ಪು ಬೇಡವೇ ಬೇಡ, ಜಾರದಿರಲು ಮರಳು ಹಾಕಿ.