ಬ್ಯಾಕಪ್‌ಗೆ ಲೋಡ್ ಅಳೆಯುವ ಲಾಗರ್: ನಾನು ಆರಿಸಿಕೊಂಡ ಬಗೆ

ಕರೆಂಟ್ ಹೋದಾಗ ನಡೆಸಲು ಎಷ್ಟು ಕೆವಿಎ (ಜನರೇಟರಿನ ಸಾಮರ್ಥ್ಯದ ಅಳತೆ) ಜನರೇಟರ್ ಬೇಕು ಎಂದು ಕೇಳಿದರೆ ಬಹಳ ಕಡೆ ನಡೆಯುವುದು ಒಂದೇ ಲೆಕ್ಕ. ಯಂತ್ರಗಳ ನೇಮ್‌ಪ್ಲೇಟ್ ನೋಡಿ ಎಲ್ಲವನ್ನೂ ಕೂಡುವುದು, ಮೇಲೆ ಇರಲಿ ಅಂತ ಇನ್ನಷ್ಟು ಸೇರಿಸುವುದು. ಹಾಗೆ ಬಂದದ್ದು ಸಾಮಾನ್ಯವಾಗಿ ಬೇಕಾದ್ದಕ್ಕಿಂತ ದೊಡ್ಡದಾಗಿರುತ್ತದೆ. ದೊಡ್ಡದಾದರೆ ಒಳ್ಳೆಯದೇ ಅಲ್ಲವೇ ಎನ್ನುವವರಿದ್ದಾರೆ. ಡೀಸೆಲ್ ಎಂಜಿನ್ನನ್ನು ಅದರ ಸಾಮರ್ಥ್ಯದ ಶೇ. 30ಕ್ಕಿಂತ ಕೆಳಗೆ ಗಂಟೆಗಟ್ಟಲೆ ಓಡಿಸಿದರೆ ಇಂಧನ ಸರಿಯಾಗಿ ಉರಿಯದೆ ಸೈಲೆನ್ಸರ್ ತುಂಬ ಎಣ್ಣೆಮಸಿ ಕಟ್ಟುತ್ತದೆ. ಆದ್ದರಿಂದ ನಾನು ಮೊದಲು ಮೇನ್ ಪ್ಯಾನೆಲ್‌ಗೆ ಲಾಗರ್, ಅಂದರೆ ಹರಿಯುವ ಕರೆಂಟನ್ನು ದಿನಗಟ್ಟಲೆ ಅಳೆದು ಬರೆದಿಡುವ ಪೆಟ್ಟಿಗೆ, ಕಟ್ಟುತ್ತೇನೆ, ಸೈಜಿನ ಮಾತು ಆಮೇಲೆ.

ಲಾಗರ್ ಕೊಳ್ಳಲು ಹೊರಟಾಗ ಕ್ಯಾಟಲಾಗ್‌ಗಳೆಲ್ಲ ದೊಡ್ಡ ಅಕ್ಷರದಲ್ಲಿ ತೋರಿಸುವುದು ನಿಖರತೆಯನ್ನು. ಶೇ. 0.5 ಒಳ್ಳೆಯದೋ ಶೇ. 1 ಸಾಕೋ ಎಂಬ ಚರ್ಚೆಯಲ್ಲಿ ನಾನು ಹೆಚ್ಚು ಹೊತ್ತು ಕಳೆಯಲಿಲ್ಲ. ಕೊನೆಗೆ ಜನರೇಟರನ್ನು ಸಿಗುವ ಸೈಜುಗಳಲ್ಲೇ ಆರಿಸಬೇಕು, ಆ ಸೈಜುಗಳ ನಡುವಿನ ಅಂತರ ಇದಕ್ಕಿಂತ ಎಷ್ಟೋ ದೊಡ್ಡದು. ನಾನು ಕೇಳಿದ ಮೊದಲ ಪ್ರಶ್ನೆ ಬೇರೆ: ಎರಡು ದಾಖಲೆಗಳ ನಡುವಿನ ಹೊತ್ತಿನಲ್ಲಿ ಈ ಪೆಟ್ಟಿಗೆ ಏನು ಮಾಡುತ್ತದೆ?

ಒಂದು ಲೆಕ್ಕ ಹಾಕಿ ನೋಡೋಣ. ಪ್ಯಾನೆಲ್‌ನಲ್ಲಿ ಸದಾ 40 ಆಂಪಿಯರ್ ಹರಿಯುತ್ತಿದೆ. ನೇರ ಸ್ಟಾರ್ಟರ್ (ಒಮ್ಮೆಗೇ ಪೂರ್ಣ ವೋಲ್ಟೇಜ್ ಕೊಡುವಂಥದು) ಇರುವ ಒಂದು ಪಂಪ್ ಮೋಟಾರ್ ಶುರುವಾದಾಗ ಮೂರು ಸೆಕೆಂಡು 80 ಆಂಪಿಯರ್ ಹೆಚ್ಚಿಗೆ ಎಳೆಯುತ್ತದೆ. ಇಂಥ ಮೋಟಾರುಗಳು ಶುರುವಿಗೆ ಪೂರ್ಣ ಲೋಡಿನ ಆರರಿಂದ ಎಂಟು ಪಟ್ಟು ಎಳೆಯುವುದು ಸಾಮಾನ್ಯ. 15 ನಿಮಿಷದ ಸರಾಸರಿಯಲ್ಲಿ ಆ 80 ಆಂಪಿಯರ್ ಕಾಣುವುದು ಕೇವಲ 0.27 ಆಂಪಿಯರ್ ಆಗಿ. ಒಂದು ನಿಮಿಷದ ಸರಾಸರಿಯಲ್ಲೂ 4 ಆಂಪಿಯರ್ ಅಷ್ಟೆ. ನಿಜವಾಗಿ ಆದದ್ದೋ, 40 ಇದ್ದದ್ದು ಮೂರು ಸೆಕೆಂಡು 120 ಆಯಿತು. ವಿದ್ಯುತ್ ಜಾಲಕ್ಕೆ ಅದು ಲೆಕ್ಕಕ್ಕೇ ಇಲ್ಲ. ಚಿಕ್ಕ ಜನರೇಟರ್‌ಗೆ ಮಾತ್ರ ಅದೇ ಗಳಿಗೆಯಲ್ಲಿ ವೋಲ್ಟೇಜ್ ಕುಸಿದು, ಬೇರೆ ಯಂತ್ರಗಳ ಕಾಂಟ್ಯಾಕ್ಟರುಗಳು (ವಿದ್ಯುತ್ತಿನಿಂದ ಹಿಡಿದು ನಿಲ್ಲುವ ಸ್ವಿಚ್ಚುಗಳು) ಬಿಟ್ಟುಕೊಳ್ಳುತ್ತವೆ.

ಹಾಗಂತ 15 ನಿಮಿಷದ ಸರಾಸರಿ ತಪ್ಪೇನಲ್ಲ. ಅಮೆರಿಕದ ಎನ್‌ಇಸಿ ಸಂಹಿತೆಯ (ಅಲ್ಲಿನ ವಿದ್ಯುತ್ ಅಳವಡಿಕೆಯ ನಿಯಮಗಳು) 2023ರ ಆವೃತ್ತಿಯ 220.87ನೇ ವಿಧಿ, ಈಗಿರುವ ಸಂಪರ್ಕದ ಮೇಲೆ ಹೊಸ ಲೋಡ್ ಹಾಕಬಹುದೇ ಎಂದು ನೋಡಲು, ವರ್ಷದ ದಾಖಲೆ ಇಲ್ಲದಿದ್ದರೆ 30 ದಿನ ಇದೇ ಸರಾಸರಿಯಲ್ಲಿ ಅಳೆಯಲು ಒಪ್ಪುತ್ತದೆ. ಕೇಬಲ್ಲೂ ಟ್ರಾನ್ಸ್‌ಫಾರ್ಮರೂ ನಿಧಾನವಾಗಿ ಕಾಯುವಂಥವು, ಅವಕ್ಕೆ ಸರಾಸರಿಯೇ ಸರಿಯಾದ ಅಳತೆ. ಜನರೇಟರ್‌ಗೆ ಅದರ ಜೊತೆಗೆ ಶಿಖರವೂ ಬೇಕು. ಅದಕ್ಕೇ ನಾನು ಆರಿಸಿದ್ದು ಪ್ರತಿ ಅವಧಿಗೂ ಸರಾಸರಿ, ಗರಿಷ್ಠ, ಕನಿಷ್ಠ ಮೂರನ್ನೂ ಬರೆದಿಡುವ ಲಾಗರ್ ಅನ್ನು. ಇಲ್ಲೂ ಒಂದು ಸೂಕ್ಷ್ಮ ಇದೆ. ಗರಿಷ್ಠ ಎಂದು ಬರೆದದ್ದು ಯಾವುದರ ಗರಿಷ್ಠ? ಕೆಲವು ಒಂದು ಸೆಕೆಂಡಿನ ಆರ್‌ಎಂಎಸ್ (ಏರಿಳಿಯುವ ಎಸಿ ಕರೆಂಟಿನ ಪರಿಣಾಮಕಾರಿ ಬೆಲೆ) ತೆಗೆದು ಅದರಲ್ಲಿ ದೊಡ್ಡದನ್ನು ಇಟ್ಟುಕೊಳ್ಳುತ್ತವೆ, ಕೆಲವು ಅರ್ಧ ಸೈಕಲ್ಲಿನದನ್ನು, ಅಂದರೆ 50 ಹರ್ಟ್ಸ್‌ನಲ್ಲಿ 10 ಮಿಲಿಸೆಕೆಂಡಿನದನ್ನು. ಈ ಸಾಲು ಮ್ಯಾನುಯಲ್‌ನ ಕೊನೆಯ ಪುಟಗಳಲ್ಲಿ ಅಡಗಿ ಕೂತಿರುತ್ತದೆ, ಹುಡುಕಿ ಓದಬೇಕು. ಐಇಸಿ 61000-4-30ರ (ವಿದ್ಯುತ್ ಗುಣಮಟ್ಟ ಅಳೆಯುವ ವಿಧಾನದ ಅಂತರರಾಷ್ಟ್ರೀಯ ಮಾನದಂಡ) ಅತಿ ಕಟ್ಟುನಿಟ್ಟಾದ ಎ ದರ್ಜೆಯ ಉಪಕರಣಕ್ಕೆ ದುಪ್ಪಟ್ಟು ಹಣ ಕೊಡುವ ಅಗತ್ಯ ನನಗೆ ಕಾಣಲಿಲ್ಲ. ವಿದ್ಯುತ್ ಗುಣಮಟ್ಟದ ಬಗ್ಗೆ ಸರಬರಾಜುದಾರರ ಜೊತೆ ವಾದ ಇದ್ದರೆ ಅದು ಬೇಕು, ಸೈಜ್ ಮಾಡಲು ಅದಕ್ಕಿಂತ ಸಡಿಲವಾದ ಎಸ್ ದರ್ಜೆ ಧಾರಾಳ.

ಎರಡನೆಯದು ತಂತಿಗೆ ಸುತ್ತುವ ಸೆನ್ಸರ್. ರೊಗೊವ್‌ಸ್ಕಿ ಕಾಯಿಲ್ ಎಂದರೆ ಬಳುಕುವ ಹಗ್ಗದಂಥದು, ಇಕ್ಕಟ್ಟಿನ ಬಸ್‌ಬಾರ್ (ಪ್ಯಾನೆಲ್ ಒಳಗಿನ ದಪ್ಪ ಲೋಹದ ಪಟ್ಟಿ) ಹಿಂದೆಯೂ ತೂರಿಸಬಹುದು. ಒಮ್ಮೆ ಬಳಸಿದ ಮೇಲೆ ಕಬ್ಬಿಣದ ಕ್ಲ್ಯಾಂಪ್ ಎತ್ತಲು ಕೈ ಬರುವುದಿಲ್ಲ. ಆದರೆ 3000 ಆಂಪಿಯರ್ ರೇಂಜಿನ ಕಾಯಿಲ್‌ಗೆ ರೇಂಜಿನ ಶೇ. 1 ದೋಷ ಎಂದು ಬರೆದಿದ್ದರೆ ಅದು 30 ಆಂಪಿಯರ್. ರಾತ್ರಿ ಹೊತ್ತು 5 ಆಂಪಿಯರ್ ಮಾತ್ರ ಹರಿಯುವ ಪ್ಯಾನೆಲ್‌ನಲ್ಲಿ ಅದು ತೋರಿಸುವ ಅಂಕಿಗೆ ಅರ್ಥವೇ ಇಲ್ಲ. ಕನಿಷ್ಠ ಲೋಡ್ ಎಷ್ಟು ಎನ್ನುವುದು ನನಗೆ ಶಿಖರದಷ್ಟೇ ಮುಖ್ಯ, ಎಣ್ಣೆಮಸಿಯ ಕಾಟ ಶುರುವಾಗುವುದು ಅಲ್ಲಿಂದಲೇ. ಹಾಗಾಗಿ ರೇಂಜ್ ಬದಲಿಸಬಹುದಾದ ಕಾಯಿಲ್ ತೆಗೆದುಕೊಂಡೆ, ಸಣ್ಣ ಫೀಡರ್‌ಗಳಿಗೆ ಬೇರೆ ಕ್ಲ್ಯಾಂಪ್ ಇಟ್ಟುಕೊಂಡೆ. ಕಾಯಿಲನ್ನು ತಂತಿಗೆ ಮೂರು ಸುತ್ತು ಹಾಕಿದರೆ ಓದು ಮೂರು ಪಟ್ಟಾಗುತ್ತದೆ, ಸೆಟ್ಟಿಂಗ್‌ನಲ್ಲಿ ಅದನ್ನು ಭಾಗಿಸಿಕೊಂಡರಾಯಿತು. ಇನ್ನೊಂದು ಮಾತು: ಬ್ಯಾಟರಿ ಕಡೆಯ ಡಿಸಿ ಕರೆಂಟನ್ನು ರೊಗೊವ್‌ಸ್ಕಿ ಅಳೆಯುವುದೇ ಇಲ್ಲ, ಅದಕ್ಕೆ ಸ್ಥಿರ ಕಾಂತಕ್ಷೇತ್ರವನ್ನೂ ಗ್ರಹಿಸುವ ಹಾಲ್ ಎಫೆಕ್ಟ್ ಕ್ಲ್ಯಾಂಪ್ ಬೇಕು.

ವೋಲ್ಟೇಜ್ ಲೀಡುಗಳಿಲ್ಲದೆ ಆಂಪಿಯರ್ ಮಾತ್ರ ಬರೆಯುವ ಅಗ್ಗದ ಲಾಗರ್‌ಗಳನ್ನು ನಾನು ಬದಿಗಿಟ್ಟೆ. ಅವುಗಳಿಂದ ಕೆವಿಎ (ವೋಲ್ಟೇಜ್ ಮತ್ತು ಕರೆಂಟಿನ ಗುಣಲಬ್ಧ) ಅಂದಾಜು ಸಿಗುತ್ತದೆ, ಕಿಲೋವ್ಯಾಟ್ (ನಿಜವಾಗಿ ಕೆಲಸಕ್ಕೆ ಹೋಗುವ ಶಕ್ತಿ) ಸಿಗುವುದಿಲ್ಲ. ಎಂಜಿನ್ ಹೊರುವುದು ಕಿಲೋವ್ಯಾಟನ್ನು, ಅದು ತಿರುಗಿಸುವ ಆಲ್ಟರ್ನೇಟರ್ ಹೊರುವುದು ಕೆವಿಎಯನ್ನು. ಸಾಮಾನ್ಯವಾಗಿ 0.8 ಪವರ್ ಫ್ಯಾಕ್ಟರಿನ (ಕೆವಿಎಗೆ ಕಿಲೋವ್ಯಾಟಿನ ಅನುಪಾತ) ಮೇಲೆ ರೇಟ್ ಮಾಡಿದ ಜನರೇಟರ್‌ನಲ್ಲಿ ಯಾವುದು ಮೊದಲು ಮಿತಿ ಮುಟ್ಟುತ್ತದೆ ಎಂದು ತಿಳಿಯಲು ಎರಡೂ ಬೇಕು. ಕಂಪ್ಯೂಟರುಗಳೂ ಎಲ್‌ಇಡಿ ದೀಪಗಳೂ ತುಂಬಿದ ಕಟ್ಟಡದಲ್ಲಿ ನಾಲ್ಕನೆಯ ಸೆನ್ಸರನ್ನು ನ್ಯೂಟ್ರಲ್‌ಗೆ ಹಾಕುತ್ತೇನೆ. ಮೂರನೇ ಹಾರ್ಮೋನಿಕ್, ಅಂದರೆ ಮೂಲದ ಮೂರು ಪಟ್ಟು ಆವರ್ತನದ ಕರೆಂಟ್, ಮೂರು ಫೇಸ್‌ಗಳಲ್ಲೂ ಒಂದೇ ತಾಳದಲ್ಲಿ ಬಂದು ಅಲ್ಲಿ ಕೂಡಿಕೊಳ್ಳುತ್ತದೆ.

ಬ್ಯಾಕಪ್ ಕೆಲಸಕ್ಕೆಂದೇ ಕೇಳಬೇಕಾದ, ಆದರೆ ಹೆಚ್ಚಿನವರು ಕೇಳದ ಪ್ರಶ್ನೆ: ಕರೆಂಟ್ ಹೋದಾಗ ಲಾಗರ್ ಏನಾಗುತ್ತದೆ? ಅಳೆಯುತ್ತಿರುವ ಲೈನಿನಿಂದಲೇ ಶಕ್ತಿ ಪಡೆಯುವ ಲಾಗರ್‌ಗಳು ಚಾರ್ಜರ್ ಹುಡುಕುವ ಗೋಜು ತಪ್ಪಿಸುತ್ತವೆ. ಒಳಗೆ ಬ್ಯಾಟರಿ ಇಲ್ಲದಿದ್ದರೆ ಕರೆಂಟಿನ ಜೊತೆ ಅವೂ ಮಲಗುತ್ತವೆ. ಕರೆಂಟ್ ಮರಳಿದಾಗ ಎಸಿ, ಫ್ರಿಜ್, ಪಂಪ್ ಎಲ್ಲ ಒಟ್ಟಿಗೆ ಏಳುತ್ತವೆ, ಲಾಗರ್ ಇನ್ನೂ ಬೂಟ್ ಆಗುತ್ತಲೇ ಇರುತ್ತದೆ. ನಾಳೆ ಜನರೇಟರ್ ಎದುರಿಸಬೇಕಾದ ಅತಿ ಕಷ್ಟದ ಗಳಿಗೆ ಅದೇ. ನಾನು ಆರಿಸಿದ್ದಕ್ಕೆ ಕೆಲವು ಗಂಟೆ ಬಾಳುವ ಬ್ಯಾಟರಿ ಇದೆ. ಅನುಮತಿ ಸಿಕ್ಕ ಕಡೆ ಮೇನ್ ಆಫ್ ಮಾಡಿಸಿ, ಮತ್ತೆ ಆನ್ ಮಾಡಿಸಿ, ಆ ಏಳುವಿಕೆಯನ್ನು ಬೇಕೆಂದೇ ದಾಖಲಿಸುತ್ತೇನೆ.

ಸುರಕ್ಷತೆಯಲ್ಲಿ ರಾಜಿ ಇಲ್ಲ. ಹಠಾತ್ ವೋಲ್ಟೇಜ್ ಹೊಡೆತ ತಾಳುವ ದರ್ಜೆಯನ್ನು ಕ್ಯಾಟ್ ಎಂದು ಬರೆಯುತ್ತಾರೆ: ಮೇನ್ ಪ್ಯಾನೆಲ್‌ಗೆ ಕನಿಷ್ಠ ಕ್ಯಾಟ್ III 600 ವೋಲ್ಟ್, ಸರ್ವಿಸ್ ಲೈನ್ ಬಂದು ಸೇರುವ ಜಾಗಕ್ಕೆ ಕ್ಯಾಟ್ IV. ಲಾಗರ್ ಮೇಲೆ ಬರೆದಿದ್ದರೆ ಸಾಲದು, ಲೀಡಿಗೂ ಕ್ಲಿಪ್ಪಿಗೂ ಅದೇ ದರ್ಜೆ ಇರಬೇಕು. ಲೈವ್ ಪ್ಯಾನೆಲ್ ತೆರೆಯುವುದು ಅರ್ಹ ಎಲೆಕ್ಟ್ರಿಷಿಯನ್ ಕೆಲಸ.

ಕಟ್ಟಿದ ಕೂಡಲೇ ಪರದೆ ನೋಡದೆ ಜಾಗ ಬಿಡುವುದಿಲ್ಲ. ಸೆನ್ಸರಿನ ಬಾಣ ಲೋಡಿನ ಕಡೆ ತಿರುಗಿರಬೇಕು. ಒಂದು ಫೇಸ್‌ನ ಕಿಲೋವ್ಯಾಟ್ ಮೈನಸ್ ತೋರಿಸಿದರೆ ಬಾಣ ಉಲ್ಟಾ, ಇಲ್ಲವೇ ವೋಲ್ಟೇಜ್ ಲೀಡ್ ಒಂದು ಫೇಸ್‌ಗೆ, ಸೆನ್ಸರ್ ಇನ್ನೊಂದಕ್ಕೆ. ಇದನ್ನು ತಾನೇ ಪತ್ತೆಹಚ್ಚಿ ಸಾಫ್ಟ್‌ವೇರ್‌ನಲ್ಲಿ ತಿದ್ದುವ ಲಾಗರ್‌ಗೆ ಸ್ವಲ್ಪ ಹೆಚ್ಚು ಹಣ ಕೊಟ್ಟದ್ದು ನನಗೆ ಸಾರ್ಥಕ ಎನಿಸಿದೆ, ಪ್ಯಾನೆಲ್ ಮತ್ತೆ ತೆರೆಯಬೇಕಿಲ್ಲವಲ್ಲ. ಅವಧಿ ಕಡಿಮೆಯೆಂದರೂ ಒಂದು ವಾರ, ವಾರದ ರಜೆಯೂ ಸೇರಿದಂತೆ. ಋತುವಿನ ಪ್ರಕಾರ ಲೋಡ್ ಏರುವ ಕಡೆ ಹಳೆಯ ಬಿಲ್ಲುಗಳನ್ನೂ ಪಕ್ಕದಲ್ಲಿಟ್ಟು ನೋಡುತ್ತೇನೆ.

ದಾಖಲೆ ಕೈಗೆ ಬಂದ ಮೇಲೆ ಬ್ಯಾಟರಿಗೂ ಜನರೇಟರ್‌ಗೂ ದಾರಿ ಬೇರೆಯಾಗುತ್ತದೆ. ಬ್ಯಾಟರಿಗೆ ಬೇಕಾದ್ದು ಯೂನಿಟ್, ಅಂದರೆ ಕಿಲೋವ್ಯಾಟ್-ಗಂಟೆ. ಅತಿ ಭಾರದ ನಾಲ್ಕು ಗಂಟೆಯಲ್ಲಿ ಸರಾಸರಿ 3.2 ಕಿಲೋವ್ಯಾಟ್ ಇದ್ದರೆ 12.8 ಯೂನಿಟ್. ಬ್ಯಾಟರಿಯ ಶೇ. 80 ಮಾತ್ರ ಬಳಸುವುದು, ಇನ್ವರ್ಟರ್ ದಕ್ಷತೆ ಶೇ. 90 ಎಂದಿಟ್ಟುಕೊಂಡರೆ ಸುಮಾರು 17.8 ಯೂನಿಟ್ಟಿನ ಬ್ಯಾಟರಿ. ಜನರೇಟರ್‌ಗೆ ನಾನು ಮಾರುವವರ ಮುಂದಿಡುವುದು ದಿನದ ಸರಾಸರಿ, ಸ್ಥಿರ ಶಿಖರ, ಕನಿಷ್ಠ ಲೋಡ್, ಅತಿ ದೊಡ್ಡ ಮೋಟಾರ್ ಏಳುವಾಗಿನ ಕೆವಿಎ, ಜೊತೆಗೆ ಆಗ ಎಷ್ಟು ವೋಲ್ಟೇಜ್ ಇಳಿದರೆ ಸಹಿಸಬಹುದು ಎಂಬ ಅಂಕಿ. ಮೋಟಾರುಗಳನ್ನು ಕೆಲವು ಸೆಕೆಂಡು ಅಂತರದಲ್ಲಿ ಒಂದೊಂದಾಗಿ ಏಳಿಸುವ ಟೈಮರ್ ಹಾಕಿದರೆ ಸೈಜ್ ಒಂದು ಮೆಟ್ಟಿಲು ಇಳಿಯುತ್ತದೆಯೇ ಎಂದು ಅದೇ ದಾಖಲೆ ಹಿಡಿದು ಅವರ ಎದುರೇ ಲೆಕ್ಕ ಹಾಕಿಸುತ್ತೇನೆ.