ಜಪಾನಿ ಮನೆಯಲ್ಲಿದ್ದು ಭಾಷೆ ಕಲಿಯುವವರಿಗೆ: ಮೊದಲ ಎರಡು ವಾರ

ಜಪಾನಿನ ಭಾಷಾ ಶಾಲೆಗೆ ಸೇರುವ ಕೆಲವರು ಹಾಸ್ಟೆಲ್ ಬಿಟ್ಟು ಹೋಂ ಸ್ಟೇ, ಅಂದರೆ ಜಪಾನಿ ಕುಟುಂಬವೊಂದರ ಮನೆಯಲ್ಲೇ ಇರುವುದನ್ನು ಆರಿಸಿಕೊಳ್ಳುತ್ತಾರೆ. ಬೆಳಗ್ಗೆ ತರಗತಿಯಲ್ಲಿ ಕಲಿತದ್ದು ರಾತ್ರಿ ಊಟದ ಹೊತ್ತಿಗೆ ಬಳಕೆಗೆ ಬರುತ್ತದೆ, ಅದೇ ಇದರ ದೊಡ್ಡ ಲಾಭ. ತೊಡಕೆಂದರೆ, ನಿಮ್ಮಿಂದ ತಪ್ಪಾದಾಗ ಮನೆಯವರು ಅದನ್ನು ಮುಖಕ್ಕೆ ಹೇಳುವುದು ಕಡಿಮೆ. ಸಹಿಸಿಕೊಂಡು ಸಹಿಸಿಕೊಂಡು, ಕೊನೆಗೆ ಶಾಲೆಯ ಸಂಯೋಜಕರ ಮೂಲಕ ದೂರು ತಲುಪಿಸುತ್ತಾರೆ. ಹಾಗಾಗಿ ಅವರಾಗಿ ಹೇಳಲಿ ಎಂದು ಕಾಯಬೇಡಿ, ಮೊದಲ ಸಂಜೆಯೇ ಕೇಳಿ ತಿಳಿದುಕೊಳ್ಳಿ.

ಹೊರಡುವ ಮುಂಚೆ

ಮನೆಯ ವಿವರ ಕೈಗೆ ಬಂದ ಕೂಡಲೇ ಒಂದು ಪುಟದ ಪತ್ರ ಕಳಿಸಿ. ಅದರಲ್ಲಿ ನಿಮ್ಮನ್ನು ಏನೆಂದು ಕರೆಯಬೇಕೆಂದು ಕತಕಾನದಲ್ಲಿ (ವಿದೇಶಿ ಹೆಸರು ಬರೆಯುವ ಜಪಾನಿ ಲಿಪಿ) ಬರೆಯಿರಿ. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿದ ತಂದೆಯ ಹೆಸರೋ ಊರಿನ ಹೆಸರೋ ಉಪನಾಮದ ಜಾಗದಲ್ಲಿರುತ್ತದೆ. ನೀವು ಹೇಳದಿದ್ದರೆ ಅದಕ್ಕೇ ನಮ್ಮ ‘ಅವರೇ’ಯಂಥ ಗೌರವಸೂಚಕ ‘ಸಾನ್’ ಸೇರಿಸಿ ಕರೆಯುತ್ತಾರೆ.

ಉಡುಗೊರೆಗೆ ಮೈಸೂರು ಸ್ಯಾಂಡಲ್ ಸೋಪು, ಚನ್ನಪಟ್ಟಣದ ಬೊಂಬೆಯಂಥ ಸಣ್ಣ ವಸ್ತು ಸಾಕು. ಎರಡೂ ಕೈಯಲ್ಲಿ ಹಿಡಿದು ಕೊಡಿ. ನಾಲ್ಕರ ಲೆಕ್ಕದಲ್ಲಿ ಬೇಡ, ಅಲ್ಲಿ ಅದು ಅಶುಭ. ಹಸಿ ಕರಿಬೇವು, ಹಣ್ಣು, ಅಕ್ಕಿಯನ್ನು ಸಸ್ಯ ತಪಾಸಣಾ ಪ್ರಮಾಣಪತ್ರವಿಲ್ಲದೆ ಒಯ್ಯುವಂತಿಲ್ಲ. ಔಷಧಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕಟ್ಟಿದ ಮೂಗು ಬಿಡಿಸುವ ಸೂಡೊಎಫೆಡ್ರಿನ್ ಎಂಬ ಅಂಶ 10%ಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆಗಳು ಜಪಾನಿನಲ್ಲಿ ನಿಷಿದ್ಧ, ವೈದ್ಯರ ಚೀಟಿ ಇದ್ದರೂ ಬಿಡುವುದಿಲ್ಲ. ಮಿಕ್ಸಿ ಒಯ್ಯಬೇಡಿ. ಅಲ್ಲಿನ ವಿದ್ಯುತ್ 100 ವೋಲ್ಟ್, ನಮ್ಮ 230 ವೋಲ್ಟ್ ಮಿಕ್ಸಿ ಸರಿಯಾಗಿ ತಿರುಗುವುದಿಲ್ಲ. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳ ಮೇಲೆ 100–240 ವೋಲ್ಟ್ ಎಂದಿದ್ದರೆ ಎರಡು ಚಪ್ಪಟೆ ಕಡ್ಡಿಯ ಅಡಾಪ್ಟರ್ ಇದ್ದರೆ ಆಯಿತು.

ಊಟದ ಮಾತು ಮೊದಲೇ ಬಿಡಿಸಿ ಹೇಳಿ

ಸಸ್ಯಾಹಾರಿಗಳಿಗೆ ಅತಿ ಹೆಚ್ಚು ತೊಂದರೆ ಬರುವುದು ಇಲ್ಲೇ. ‘ಮಾಂಸ, ಮೀನು ತಿನ್ನುವುದಿಲ್ಲ’ ಎಂದು ಬರೆದು ಕಳಿಸಿದರೂ ಮೊದಲ ರಾತ್ರಿಯ ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸಾರಿನಲ್ಲಿ ಮೀನು ಇರಬಹುದು. ಅದರಲ್ಲಿ ಮೋಸವೇನೂ ಇಲ್ಲ. ಜಪಾನಿ ಅಡುಗೆಯ ಬುನಾದಿಯೇ ‘ದಾಶಿ’ ಎಂಬ ತಿಳಿಸಾರು. ಅದನ್ನು ಹೆಚ್ಚಾಗಿ ಒಣಗಿಸಿ ಹೊಗೆಯಾಡಿಸಿದ ಕತ್ಸುವೊ ಮೀನಿನ ಹೆರಕಲಿನಿಂದ ತೆಗೆಯುತ್ತಾರೆ. ಮೀನಿನ ತುಂಡು ಕಾಣದ ಸಾರನ್ನು ಅಡುಗೆ ಮಾಡುವವರು ಮೀನಿನ ಅಡುಗೆ ಎಂದು ಎಣಿಸುವುದಿಲ್ಲ. ಹ್ಯಾಮ್, ಬೇಕನ್ ಚೂರುಗಳೂ ಹೀಗೆಯೇ ಲೆಕ್ಕ ತಪ್ಪುತ್ತವೆ. ಕರಿ ಗಟ್ಟಿಯಾಗಲು ಹಾಕುವ, ಅಂಗಡಿಯಲ್ಲಿ ಸಿಗುವ ಮಸಾಲೆ ಕಟ್ಟಿಯಲ್ಲಿ (ಕರಿ ರೂ) ದನದ ಅಥವಾ ಹಂದಿಯ ಕೊಬ್ಬು ಇರುವುದು ಸಾಮಾನ್ಯ. ನೂಡಲ್‌ಗೆ ಹಾಕುವ ಮೆಂತ್ಸುಯು ಎಂಬ ಸಾರಿನಲ್ಲೂ ಮೀನು ಇರುತ್ತದೆ.

ಆದ್ದರಿಂದ ಪತ್ರದಲ್ಲಿ ಎರಡು ಪಟ್ಟಿ ಹಾಕಿ. ತಿನ್ನದವು: ಮಾಂಸ, ಕೋಳಿ, ಮೀನು, ಸೀಗಡಿ, ಹ್ಯಾಮ್, ಕತ್ಸುವೊ ದಾಶಿ, ಪ್ರಾಣಿಗಳ ಕೊಬ್ಬು. ತಿನ್ನುವವು: ತೋಫು, ನತ್ತೊ (ಹುದುಗಿಸಿದ ಸೋಯಾ ಕಾಳು), ಅಣಬೆ, ತರಕಾರಿ, ಹಾಲು, ಮೊಸರು. ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಎಂಬುದನ್ನು ಬೇರೆಯಾಗಿಯೇ ಬರೆಯಿರಿ. ಎರಡನೆಯ ಪಟ್ಟಿ ಉದ್ದವಿದ್ದಷ್ಟೂ ಅವರಿಗೆ ನಿರಾಳ.

ಬದಲಿ ದಾಶಿ ಸುಲಭ, ಒಂದು ದಿನ ನೀವೇ ಮಾಡಿ ತೋರಿಸಬಹುದು. ಒಂದು ಲೀಟರ್ ತಣ್ಣೀರಿಗೆ ಸುಮಾರು 10 ಗ್ರಾಂ ಒಣ ಕೊಂಬು (ಸಮುದ್ರದ ಪಾಚಿ) ಹಾಕಿ ಅರ್ಧ ಗಂಟೆ ನೆನೆಯಲು ಬಿಡಿ. ಸಣ್ಣ ಉರಿಯಲ್ಲಿ ಕಾಯಿಸಿ, ತಳದಿಂದ ಗುಳ್ಳೆ ಏಳತೊಡಗಿದಾಗ ಕೊಂಬು ತೆಗೆದುಬಿಡಿ. ಕುದಿಯಲು ಬಿಟ್ಟರೆ ಲೋಳೆಯಾಗಿ ಕಹಿ ಬರುತ್ತದೆ. ತೋಫು, ತರಕಾರಿ ಬೆಂದ ಮೇಲೆ ಉರಿ ಆರಿಸಿ ಒಂದು ಬಟ್ಟಲಿಗೆ ಒಂದು ಚಮಚದಂತೆ ಮಿಸೊ ಕದಡಿ. ಮಿಸೊ ಹಾಕಿದ ಮೇಲೆ ಕುದಿಸಿದರೆ ಪರಿಮಳ ಹೋಗುತ್ತದೆ. ಕೆಲವು ಡಬ್ಬಿಗಳಲ್ಲಿ ದಾಶಿ ಬೆರೆಸಿದ ಮಿಸೊ ಇರುತ್ತದೆ. ಅದು ಬಂದರೆ ಕೊಂಬು ನೆನೆಸಿದ್ದು ದಂಡ. ಕೊಳ್ಳುವಾಗ ‘ದಾಶಿ ಇರಿ’ ಅಲ್ಲ ಎಂದು ಖಚಿತಪಡಿಸಿಕೊಳ್ಳಿ.

ನೀವು ಅಡುಗೆ ಮಾಡುವುದಾದರೆ ಕೇಳಿಯೇ ಒಲೆ ಹಚ್ಚಿ. ಒಗ್ಗರಣೆಯ ಹೊಗೆ, ಇಂಗಿನ ವಾಸನೆ ಪರದೆಗೆ ಹಿಡಿದರೆ ದಿನಗಟ್ಟಲೆ ಹೋಗದು. ಫ್ಯಾನ್ ಹಾಕಿ, ಬಾಗಿಲು ಮುಚ್ಚಿ. ಜಪಾನಿನ ಮನೆಗಳ ಗ್ಯಾಸ್ ಒಲೆಯ ನಡುವೆ ಗುಬಟಿಯಂಥ ಸೆನ್ಸರ್ ಇರುತ್ತದೆ. ಕಾವಲಿ ಬಹಳ ಕಾದರೆ ಉರಿ ತಾನಾಗಿ ತಗ್ಗುತ್ತದೆ. ಚಪಾತಿ ಬೇಯಿಸುವಾಗ ಹೀಗಾದರೆ ಒಲೆ ಕೆಟ್ಟಿಲ್ಲ, ಬೆಂಕಿ ಅನಾಹುತ ತಡೆಯಲು ಮಾಡಿರುವ ಏರ್ಪಾಡು ಅದು.

ಚಪ್ಪಲಿ, ಬಚ್ಚಲು, ಹಾಸಿಗೆ

ಬಾಗಿಲ ಬಳಿಯ ತಗ್ಗಿನಲ್ಲಿ ಶೂ ಬಿಟ್ಟು, ತುದಿ ಬಾಗಿಲ ಕಡೆಗಿರುವಂತೆ ತಿರುಗಿಸಿಡಿ. ಒಳಗೆ ಸ್ಲಿಪ್ಪರ್. ತತಾಮಿ ಚಾಪೆಯ ಕೋಣೆಗೆ ಅದೂ ಬೇಡ. ಶೌಚಾಲಯಕ್ಕೆ ಬೇರೆ ಜೋಡಿ ಇದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಹೊಸಬರು ಮರೆತು ಊಟದ ಕೋಣೆಗೆ ಹಾಕಿಕೊಂಡು ಬರುವುದು ಇದನ್ನೇ.

ಸ್ನಾನದ ತೊಟ್ಟಿಯ ನೀರು ಒಬ್ಬರಿಗಲ್ಲ, ಮನೆಮಂದಿಗೆಲ್ಲ. ಹೊರಗೆ ಪುಟ್ಟ ಸ್ಟೂಲಿನ ಮೇಲೆ ಕೂತು ಸೋಪು, ಶ್ಯಾಂಪೂ ಹಾಕಿ ಪೂರ್ತಿ ತೊಳೆದುಕೊಂಡು, ನೊರೆ ಉಳಿಯದಂತೆ ನೀರು ಸುರಿದುಕೊಂಡ ಮೇಲೆ ತೊಟ್ಟಿಗೆ ಇಳಿಯಿರಿ. ನೀರು 40–42 ಡಿಗ್ರಿ ಇರುತ್ತದೆ, ನಿಧಾನವಾಗಿ ಇಳಿಯಿರಿ. ಮುಗಿದ ಮೇಲೆ ನೀರು ಬಿಡಬೇಡಿ, ಮುಚ್ಚಳ ಹಾಕಿ ಬನ್ನಿ. ನಿಮ್ಮ ನಂತರ ಮತ್ತೊಬ್ಬರು ಇಳಿಯಬೇಕು, ಉಳಿದ ನೀರನ್ನು ಬಟ್ಟೆ ಒಗೆಯಲು ಬಳಸುವ ಮನೆಗಳೂ ಉಂಟು. ಎಣ್ಣೆಸ್ನಾನ ಮಾಡಿದ ದಿನ ತೊಟ್ಟಿಯ ಆಸೆ ಬಿಡಿ. ಎಣ್ಣೆಯ ಪದರ ನೀರಿನ ಮೇಲೆ ತೇಲಿ ಎಲ್ಲರ ಸ್ನಾನವೂ ಕೆಡುತ್ತದೆ.

ನೆಲದ ಮೇಲೆ ಫುತೊನ್ ಹಾಸಿಗೆಯಾದರೆ ಬೆಳಗ್ಗೆ ಮಡಿಸಿಡಿ. ಬೆವರಿನ ತೇವ ಅಡಿಯಲ್ಲಿ ಸೇರಿ, ಹಾಸಿಗೆಯೂ ಚಾಪೆಯೂ ಬೂಷ್ಟು ಹಿಡಿಯುತ್ತವೆ. ಕಸ ವಿಂಗಡಣೆ ಊರಿಂದೂರಿಗೆ ಬೇರೆ. ನಗರಾಡಳಿತ ಕೊಡುವ ಕ್ಯಾಲೆಂಡರಿನ ಫೋಟೊ ತೆಗೆದಿಟ್ಟುಕೊಳ್ಳಿ.

ಕಚೇರಿ ಕೆಲಸ, ಫೋನು

ಮೂರು ತಿಂಗಳಿಗಿಂತ ಹೆಚ್ಚು ಇರುವವರಿಗೆ ನರಿತಾ, ಹನೇದಾ, ಕನ್ಸಾಯ್‌ನಂಥ ವಿಮಾನ ನಿಲ್ದಾಣದಲ್ಲೇ ರೆಸಿಡೆನ್ಸ್ ಕಾರ್ಡ್ ಕೊಡುತ್ತಾರೆ. ಮನೆ ಸೇರಿದ 14 ದಿನದೊಳಗೆ ಸ್ಥಳೀಯ ಆಡಳಿತ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು. ರಾಷ್ಟ್ರೀಯ ಆರೋಗ್ಯ ವಿಮೆಯನ್ನೂ ಅಲ್ಲೇ ಮಾಡಿಸಿ. ಭೂಕಂಪವಾದಾಗ ಎಲ್ಲಿ ಸೇರಬೇಕೆಂದು ಮನೆಯವರನ್ನು ಕೇಳಿ, ಒಮ್ಮೆ ನಡೆದು ನೋಡಿ ಬನ್ನಿ. ಆಂಬುಲೆನ್ಸ್‌ಗೆ 119, ಪೊಲೀಸರಿಗೆ 110.

ಜಪಾನಿನ ಸಮಯ ನಮಗಿಂತ ಮೂರೂವರೆ ಗಂಟೆ ಮುಂದೆ. ಊರಿನಲ್ಲಿ ಅಪ್ಪ-ಅಮ್ಮ ರಾತ್ರಿ 8ಕ್ಕೆ ಫೋನ್ ಮಾಡಿದರೆ ಅಲ್ಲಿ 11:30. ಗೋಡೆಗಳು ತೆಳು, ಪಕ್ಕದ ಕೋಣೆಗೆಲ್ಲ ಕೇಳಿಸುತ್ತದೆ. ಊರಿನ ಸಂಜೆ ಐದಕ್ಕೆ ಮಾತಾಡುವ ರೂಢಿ ಮಾಡಿಸಿ. ರಾತ್ರಿ ಊಟಕ್ಕೆ ಬರುವುದಿಲ್ಲವಾದರೆ ಮಧ್ಯಾಹ್ನದೊಳಗೆ ತಿಳಿಸಿ, ಸಂಜೆಯ ಹೊತ್ತಿಗೆ ಅಡುಗೆ ಆಗಿಬಿಟ್ಟಿರುತ್ತದೆ.

ಮಾತು ಬೆಳೆಸುವ ಬಗೆ

ಹೊರಡುವಾಗ ‘ಇತ್ತೆಕಿಮಾಸ್’, ಬಂದಾಗ ‘ತದಾಯ್ಮಾ’, ಉಣ್ಣುವ ಮುಂಚೆ ‘ಇತದಾಕಿಮಾಸ್’, ಉಂಡ ಮೇಲೆ ‘ಗೊಚಿಸೋಸಾಮ’: ಈ ನಾಲ್ಕನ್ನು ಒಂದು ದಿನವೂ ತಪ್ಪಿಸಬೇಡಿ. ಆ ದಿನದ ಪಾಠದಿಂದ ಮೂರು ವಾಕ್ಯರಚನೆ ಆರಿಸಿಕೊಂಡು ಊಟದ ಹೊತ್ತಿಗೆ ಬಳಸಿ. ಅವರು ಇಂಗ್ಲಿಷಿಗೆ ತಿರುಗಿದರೆ ‘ನಿಹೊಂಗೊದೆ ಒನೆಗಾಯ್ ಶಿಮಾಸ್’ ಎಂದು ಜಪಾನಿಯಲ್ಲೇ ಮಾತಾಡುವಂತೆ ಕೇಳಿಕೊಳ್ಳಿ. ಊಟವಾದ ಕೂಡಲೇ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳಬೇಡಿ. ಪಾತ್ರೆ ಒರೆಸುತ್ತಾ ಹತ್ತು ನಿಮಿಷ ನಿಂತರೆ ಪುಸ್ತಕದಲ್ಲಿಲ್ಲದ ಆಡುಮಾತು ಕಿವಿಗೆ ಬೀಳುವುದು ಆಗಲೇ.

ಇಷ್ಟಾಗಿಯೂ ಊಟವೋ ನಿಯಮವೋ ಹೊಂದದಿದ್ದರೆ ಎರಡನೆಯ ವಾರದ ಕೊನೆಯಲ್ಲೇ ಸಂಯೋಜಕರಿಗೆ ಬರೆದು ತಿಳಿಸಿ. ಏನಾಯಿತು, ಯಾವ ದಿನ, ಮನೆಯವರಿಗೆ ಹೇಳಿದ್ದೀರಾ ಎಂಬ ಮೂರನ್ನು ಸ್ಪಷ್ಟವಾಗಿ ಬರೆದರೆ ಅವರು ಮನೆಯವರೊಡನೆ ಮಾತಾಡಿ ಸರಿಪಡಿಸಲು ಅನುಕೂಲ. ಬೇರೆ ಮನೆ ಹುಡುಕಬೇಕಾದರೂ ಅವರಿಗೆ ಸಮಯ ಸಿಗುತ್ತದೆ.